ಕೋದಂಡಪ್ಪನ ಹೆಸರಿನ ಸಿಪಾಯಿ

ನಮ್ಮ ಕೋದಂಡಪ್ಪ ಹೆದರದೆ ಇದ್ದ ವಸ್ತು ಭೂಮಿಯ ಮೇಲೆ ಒಂದೇ ಒಂದಿತ್ತು, ಅದು ಅವನ ಸ್ವಂತ ನಾಲಿಗೆ. ಮಿಕ್ಕಿದ್ದಕ್ಕೆಲ್ಲ ಹೆದರುತ್ತಿದ್ದ. ಹಲ್ಲಿ, ಎಮ್ಮೆ, ಸೂಜಿಮದ್ದು, ಇಂಗ್ಲಿಷಿನಲ್ಲಿ ಬಂದ ಕಾಗದ, ಹೆಂಡತಿ ಕದಿರಮ್ಮ ಮಾತಾಡದೆ ಕೂತಿರುವುದು, ಹೀಗೆ. ಇನ್ನು ಭೂಮಿಯ ಕೆಳಗಿನ ಮಾತು ಕೇಳಲೇಬೇಡಿ. ಗಣಿಗೆ ಸೇರಿದ ಹೊಸದರಲ್ಲಿ ಒಂದೇ ಒಂದು ಸಲ ಆಳುಗಳನ್ನು ಇಳಿಸುವ ಕೇಜಿನಲ್ಲಿ ಇಳಿದು ಬಂದವನು ಮೂರು ದಿನ ಬಾಯಿ ಬಿಡಲಿಲ್ಲವಂತೆ. ಆಮೇಲೆ ನಾಲ್ಕಕ್ಷರ ಬರುತ್ತದೆಂದು ಯಾರದೋ ಕೈಕಾಲು ಹಿಡಿದು ಟೋಕನ್ ಕಿಟಕಿಯ ಕೆಲಸ ಸಂಪಾದಿಸಿಕೊಂಡ. ಗಣಿಗೆ ಇಳಿಯುವವರಿಗೆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಡುವುದು, ಮೇಲೆ ಬಂದ ಮೇಲೆ ವಾಪಸು ಇಸಿದುಕೊಳ್ಳುವುದು, ಇಷ್ಟೇ ಕೆಲಸ. ಇಪ್ಪತ್ತು ವರ್ಷ ಹೆದರಿಕೊಂಡೇ ಮಾಡಿದ.

ಚಿನ್ನದ ಗಣಿಯವರು ಕೂಲಿಗಳಿಗೆ ಕಟ್ಟಿಸಿದ ಉರಿಗಾಂ ಲೈನಿನಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದು ಬಿದಿರು ತಟ್ಟಿ. ಆದ್ದರಿಂದ ಈಗ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಕಣ್ಣಾರೆ ಕಂಡದ್ದು, ಕಾಲು ಪಾಲು ತಟ್ಟಿಯ ಮೂಲಕ ಕೇಳಿದ್ದು. ಎರಡೂ ನಿಜ.

ಚೀನಾದವರ ಯುದ್ಧ ನಡೆದ ಚಳಿಗಾಲ ಅದು. ಪೆರುಮಾಳನ ಟೀ ಅಂಗಡಿಯ ರೇಡಿಯೋ ಮುಂದೆ ಊರಿಗೆ ಊರೇ ಕೂತಿರುತ್ತಿತ್ತು. ಬಂಗಾರಪೇಟೆಯಲ್ಲಿ ಸೈನಿಕರ ಮನೆಯವರಿಗೆ ಸನ್ಮಾನ ಮಾಡುತ್ತಾರೆ, ವೇದಿಕೆ ಮೇಲೆ ಕುರ್ಚಿ ಹಾಕಿ ಹಾರ ಹಾಕುತ್ತಾರೆ ಎಂಬ ಸುದ್ದಿ ಬಂತು. ಪೆರುಮಾಳನ ಭಾವಮೈದುನ ಪಲ್ಟನ್ನಿನಲ್ಲಿ ಅಡುಗೆ ಮಾಡುತ್ತಿದ್ದ. ಅಷ್ಟಕ್ಕೇ ಪೆರುಮಾಳನಿಗೆ ಒಂದು ಕುರ್ಚಿ ನಿಗದಿಯಾಯಿತು. ಇದನ್ನು ಕೇಳಿ ಕೋದಂಡಪ್ಪ ಸುಮ್ಮನೆ ಟೀ ಕುಡಿದು ಎದ್ದು ಬರಬಹುದಿತ್ತು.

"ಸೌಟು ಇಡ್ದೋರ್ಗೇ ಕುರ್ಚಿ ಅಂದ್ರೆ ನಮಗೆ ಮಂಚಾನೇ ಆಕ್ಬೇಕು," ಎಂದುಬಿಟ್ಟ. "ನಮ್ ಸೋದರಮಾವ ಆಂಜಿನಪ್ಪ ಬರ್ಮಾದಾಗೆ ಜಪಾನ್ನೋರ್ನ ಅಟ್ಟಾಡಿಸ್ಕೊಂಡು ಒಡ್ದೋನು!"

"ಎನ್ನಪ್ಪಾ ಇದು! ಇಷ್ಟು ವರ್ಷ ಏಳ್ಲೇ ಇಲ್ಲ, ಸೊಲ್ಲವೇ ಇಲ್ಲೆ?" ಎಂದ ಪೆರುಮಾಳ್, ಗ್ಲಾಸು ತೊಳೆಯುವುದನ್ನು ಬಿಟ್ಟು.

ಮೂಲೆಯಲ್ಲಿ ಕೂತಿದ್ದ ಜಯರಾಮಪ್ಪನವರು ತಲೆ ಎತ್ತಿದರು. ಇವರು ನಿವೃತ್ತ ಹವಾಲ್ದಾರರು, ಬಂಗಾರಪೇಟೆ ಸ್ಟೇಷನ್ ಹಿಂದೆ ಮನೆ, ಸನ್ಮಾನದ ಏರ್ಪಾಟೆಲ್ಲ ಇವರದೇ. ಮೀಸೆ ಎರಡು ಕಡೆಯೂ ಒಂದೇ ಅಳತೆ.

"ಯಾವ ಪಲ್ಟನ್ನು? ನಂಬರೆಷ್ಟು?"

"ನಂಬರಾ ಸಾರ್? ಅದು... ವಸಿ ದೊಡ್ ನಂಬರು."

"ವಾಪಸು ಬಂದರಾ?"

"ಬರ್ಲಿಲ್ಲ ಸಾರ್."

ಜಯರಾಮಪ್ಪನವರು ಎದ್ದೇ ನಿಂತರು. "ಬರ್ಲಿಲ್ಲ ಅಂತ ಇಪ್ಪತ್ತು ವರ್ಷ ಸುಮ್ಮನೆ ಕೂತಿದ್ದೀರಾ? ಸೈನ್ಯದಲ್ಲಿ ಮನುಷ್ಯ ಕಳೆದುಹೋಗಬಹುದು, ಕಾಗದ ಕಳೆದುಹೋಗಲ್ಲ ಕಣ್ರೀ. ನಾನು ಬರೀತೀನಿ ರೆಕಾರ್ಡ್ ಆಫೀಸಿಗೆ. ಅವರು ಯಾವ ದಿನ ಎಲ್ಲಿ ಹಲ್ಲುಜ್ಜಿದರು ಅನ್ನೋದೂ ಸಿಗುತ್ತೆ."

ಅಂಗಡಿಯವರೆಲ್ಲ ಭಲೇ ಅಂದರು. ಕೋದಂಡಪ್ಪನ ಕೈಯಲ್ಲಿದ್ದ ಟೀ ಅರ್ಧ ಲೋಟ ಪಂಚೆಯ ಮೇಲೆ ಚೆಲ್ಲಿತು. ಅವನಿಗೆ ಬಿಸಿ ತಾಗಿದ್ದೂ ಗೊತ್ತಾಗಲಿಲ್ಲ.

ಯಾಕೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ಗಣಿಗಳಲ್ಲಿ ಬದಲಿ ಹೋಗುವುದು ಅಂತ ಒಂದಿತ್ತು. ಅಣ್ಣನಿಗೆ ಜ್ವರ ಬಂದರೆ ತಮ್ಮ ಅವನ ಬಿಲ್ಲೆ ಹಿಡಿದು ಇಳಿಯುವುದು. ಅಳಿಯನ ಮದುವೆ ಇದ್ದರೆ ಮಾವ ಇಳಿಯುವುದು. ಪುಸ್ತಕದಲ್ಲಿ ಬಿಲ್ಲೆಯ ನಂಬರು, ಬಿಲ್ಲೆಯವನ ಹೆಸರು. ಬೆವರು ಮಾತ್ರ ಇನ್ನೊಬ್ಬನದು. ನೆರೆಮನೆಯಲ್ಲಿ ಕರಿಬೇವು ಕೇಳುವಷ್ಟೇ ಸಹಜವಾಗಿ ನಡೆಯುತ್ತಿದ್ದ ವ್ಯವಹಾರ. ಕೋದಂಡಪ್ಪ ಗಣಿಗೆ ಸೇರಿದ ಮೊದಲ ವರ್ಷವೆಲ್ಲ ಅವನ ಬಿಲ್ಲೆ ಹಿಡಿದು ಇಳಿದವನು ಈ ಸೋದರಮಾವ ಆಂಜಿನಪ್ಪನೇ.

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಬಂಗಾರಪೇಟೆಯಲ್ಲಿ ಸೈನ್ಯಕ್ಕೆ ಆಳು ಸೇರಿಸುವ ಡೇರೆ ಹಾಕಿದ್ದರು. ಇಪ್ಪತ್ತು ವರ್ಷದ ಕೋದಂಡಪ್ಪ ಹೆಣ್ಣು ನೋಡಲು ಹೋದವನು, ಕದಿರಮ್ಮನ ತಂದೆಯ ಮುಂದೆ, ನಾನು ಮಿಲಿಟರಿಗೆ ಸೇರುತ್ತೇನೆ ಎಂದು ಬಾಯಿ ಬಿಟ್ಟ. ಆ ಮಾತನ್ನು ಉಳಿಸಿಕೊಳ್ಳಲು ಡೇರೆಗೂ ಹೋದ. ಅಲ್ಲಿ ಮಟನ್ ಊಟ ಹಾಕಿ, ಹೆಸರು, ತಂದೆಯ ಹೆಸರು, ಊರು ಕ್ಯಾಸಂಬಳ್ಳಿ ಎಂದು ಬರೆದುಕೊಂಡು, ಇಂಥ ದಿನ ರೈಲು ಹತ್ತಬೇಕು, ಡಾಕ್ಟರ್ ಪರೀಕ್ಷೆ ಹೆಬ್ಬೆಟ್ಟು ಎಲ್ಲ ಬೆಂಗಳೂರಿನಲ್ಲಿ ಎಂದು ಒಂದು ಚೀಟಿ ಕೊಟ್ಟರು. ಮಟನ್ ಅರಗುವ ಮೊದಲೇ ಕೋದಂಡಪ್ಪನಿಗೆ ಬೇದಿ ಹಿಡಿಯಿತು. ರೈಲಿನ ದಿನ ಬಂದರೂ ನಿಲ್ಲಲಿಲ್ಲ.

"ಇಷ್ಟೇಯೇನ್ಲಾ? ತಾ ಚೀಟಿನ. ನಾ ಓಗ್ಬತ್ತೀನಿ," ಎಂದ ಆಂಜಿನಪ್ಪ.

ಮಾವ ಅಳಿಯ ಇಬ್ಬರಿಗೂ ಯುದ್ಧವೆಂದರೆ ಒಂದು ಉದ್ದನೆಯ ಶಿಫ್ಟು ಎಂದೇ ತಿಳಿವಳಿಕೆ. ಕೋದಂಡಪ್ಪನ ಹೆಸರಿನ ಚೀಟಿ ಹಿಡಿದು ಆಂಜಿನಪ್ಪ ರೈಲು ಹತ್ತಿದ. ಮೊದಲ ವರ್ಷ ಹೆಂಡತಿ ಪಾಪಕ್ಕನಿಗೆ ಎರಡು ಕಾಗದ ಬಂದವು. ಆಮೇಲೆ ಇಲ್ಲ. ಯುದ್ಧ ಮುಗಿದು ಬಂದವನೊಬ್ಬ, ಆಂಜಿನಪ್ಪನ ಹಾಗೇ ಇರುವವನೊಬ್ಬ ರಂಗೂನಿನಲ್ಲಿ ಎಲೆಅಡಿಕೆ ಮಾರುತ್ತಿದ್ದ ಎಂದ. ಮಾವ ಪಲ್ಟನ್ ಬಿಟ್ಟು ಓಡಿಹೋಗಿದ್ದಾನೆ ಎಂದು ಕೋದಂಡಪ್ಪ ಅಂದೇ ತೀರ್ಮಾನ ಮಾಡಿದ. ಓಡಿದ್ದು ಮಾವ. ಪುಸ್ತಕದಲ್ಲಿ ಓಡಿದವನ ಹೆಸರು ಕೋದಂಡಪ್ಪ.

ಈ ಗುಟ್ಟು ತನಗೂ ಮಾವನಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಪಾಪಕ್ಕನಿಗಂತೂ ಹೇಳಲು ಬಾಯೇ ಇಲ್ಲ. ಆಕೆ ಕ್ಯಾಸಂಬಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು, ಭಾನುವಾರ ಭಾನುವಾರ ಮೊಸರಿನ ಗಡಿಗೆ ಹೊತ್ತು ಬಸ್ಸಿನಲ್ಲಿ ಬರುವಳು. ಹಣೆಯಲ್ಲಿ ಕಾಸಗಲ ಕುಂಕುಮ. ಮದುವೆ ಮನೆಗಳಲ್ಲಿ ಈಯಮ್ಮನಿಗೆ ಅರಿಶಿನ ಕುಂಕುಮ ಕೊಡುವುದೋ ಬಿಡುವುದೋ ಎಂದು ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಕೆ ತಾನೇ ಕೈ ಚಾಚಿ ಬಟ್ಟಲಿನಿಂದ ತೆಗೆದುಕೊಂಡು ಇಟ್ಟುಕೊಳ್ಳುವಳು.

ಜಯರಾಮಪ್ಪನವರು ಆಂಜಿನಪ್ಪನ ಹೆಸರಿನಲ್ಲಿ ಕಾಗದ ಬರೆದರು. ಒಂದೂವರೆ ತಿಂಗಳಿಗೆ ಉತ್ತರ ಬಂತು. ಕೋಲಾರ ಜಿಲ್ಲೆಯಿಂದ ಆ ಹೆಸರಿನ ಸಿಪಾಯಿ ಯಾರೂ ಸೇರಿಲ್ಲ.

ಕೋದಂಡಪ್ಪ ಆ ಮಧ್ಯಾಹ್ನ ಎರಡು ಮುದ್ದೆ ಜಾಸ್ತಿ ಉಂಡ. ಸಂಜೆ ಪೆರುಮಾಳನ ಅಂಗಡಿಗೆ ಹೋದಾಗ ಗೊತ್ತಾಯಿತು, ಉಣ್ಣಬಾರದಿತ್ತು.

"ವಾಂಗೋ ವಾಂಗೋ, ಬನ್ನಿ! ನಿಮ್ ಮಾವ ಜಪಾನ್ನೋರ್ನ ಎಲ್ಲಿ ಒಡ್ದಿದ್ದು, ಮಾಲೂರಲ್ಲಾ, ಟೇಕಲ್ಲಲ್ಲಾ?" ಎಂದ ಪೆರುಮಾಳ್. ಅಂಗಡಿ ಹೋ ಎಂದಿತು.

ಮನೆಗೆ ಬಂದರೆ ಕದಿರಮ್ಮ ಕೈಯಲ್ಲಿ ಒನಕೆ ಹಿಡಿದೇ ಕಾದಿದ್ದಳು. ತಟ್ಟಿಯ ಈ ಕಡೆ ನಾನು ಕಿವಿ ಹಚ್ಚಿ ಕೂತೆ.

"ನಲ್ಲಿ ತಾವ ತಲೆ ಎತ್ತಂಗಿಲ್ಲ ನಾನು! ನಿಮ್ ಮನೆತನವೇ ಸುಳ್ಳು ಅಂತವ್ರೆ. ಆ ಮೀಸೆ ಸಾರ್ ಕೈಲಿ ಇನ್ನೊಂದ್ ಕಾಗ್ದ ಆಕ್ಸಿ. ಸಿಕ್ಕೋವರ್ಗೂ ಆಕ್ಸಿ!"

"ಓಗ್ಲಿ ಬಿಡೇ. ನಂಗೇನ್ ಕುರ್ಚಿ ಬ್ಯಾಡ."

"ಬ್ಯಾಡ್ವಾ? ಮಿಲಿಟರಿ ಮಿಲಿಟರಿ ಅಂತ ಅಂದೇ ನಮ್ಮಪ್ಪನ್ನ ಒಪ್ಸಿದ್ದು ನೀವು. ನೀವಂತೂ ಓಗ್ಲಿಲ್ಲ, ನಿಮ್ ಮಾವಾದ್ರೂ ಓಗಿದ್ನೋ ಇಲ್ವೋ ನಂಗೆ ಗೊತ್ತಾಗ್ಬೇಕು!"

ಜಯರಾಮಪ್ಪನವರನ್ನು ಯಾರೂ ಒಪ್ಪಿಸಬೇಕಾಗಿರಲಿಲ್ಲ. ಕಾಗದ ಸುಳ್ಳು ಹೇಳಲ್ಲ, ಈ ಮನುಷ್ಯನೂ ಇಷ್ಟು ದೊಡ್ಡ ಸುಳ್ಳು ಹೇಳುವಷ್ಟು ಬುದ್ಧಿವಂತನಲ್ಲ, ಆದ್ದರಿಂದ ಎಲ್ಲೋ ಏನೋ ಇದೆ ಎಂದು ಅವರ ಲೆಕ್ಕ. ಕ್ಯಾಸಂಬಳ್ಳಿ ಕಡೆಯಿಂದ ಆ ತಿಂಗಳು ಬಂಗಾರಪೇಟೆಯಲ್ಲಿ ಯಾರು ಯಾರು ಸೇರಿದರು, ಎಲ್ಲರ ಹೆಸರೂ ಕಳಿಸಿ ಎಂದು ಎರಡನೇ ಕಾಗದ ಹಾಕಿದರು.

ಅಲ್ಲಿಂದ ಕೋದಂಡಪ್ಪನಿಗೆ ನಿದ್ದೆ ಬಿಟ್ಟಿತು. ಒಂದು ದಿನ ಧೈರ್ಯ ಮಾಡಿ ಜಯರಾಮಪ್ಪನವರನ್ನು ಕೇಳಿದ, ಪಲ್ಟನ್ ಬಿಟ್ಟು ಓಡಿಹೋದವರಿಗೆ ಏನು ಮಾಡುತ್ತಾರೆ ಅಂತ. ನಮ್ಮ ಲೈನಿನಲ್ಲಿ ಒಬ್ಬರು ಕೇಳಿದರು, ಸುಮ್ಮನೆ, ಎಂದೂ ಸೇರಿಸಿದ.

"ಯುದ್ಧದಲ್ಲಿ ಓಡಿಹೋದವನಾ?" ಜಯರಾಮಪ್ಪನವರು ಮೀಸೆಯ ಎಡಭಾಗ ತಿರುವಿದರು. "ಇಪ್ಪತ್ತಲ್ಲ, ನಲವತ್ತು ವರ್ಷ ಆಗಲಿ, ಹೆಸರು ಪುಸ್ತಕದಲ್ಲಿ ಇದ್ದೇ ಇರುತ್ತೆ. ಈಗಂತೂ ಆಳು ಬೇಕು. ಸಿಕ್ಕಿದರೆ ನೇರ ಹಿಮಾಲಯಕ್ಕೇ."

ಮಾರನೆಯ ದಿನ ಕೋದಂಡಪ್ಪ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಿಂದ ಒಂದು ಉಣ್ಣೆ ಕುಲಾವಿ ತಂದ. ಟೋಕನ್ ಕಿಟಕಿಯಲ್ಲಿ ಅದನ್ನು ಹಾಕಿಕೊಂಡೇ ಕೂತ. ನೆಗಡಿ ಎಂದ. ಬಂಗಾರಪೇಟೆಗೆ ಹೋಗಿ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂರಲು ಶುರು ಮಾಡಿದ. ಹವಾಲ್ದಾರರ ಹೆಸರಿಗೆ ಮಿಲಿಟರಿ ಕಾಗದ ಬಂದರೆ ನನ್ನ ಕೈಗೇ ಕೊಡಿ, ತಲುಪಿಸುತ್ತೇನೆ ಎಂದು ಪೋಸ್ಟ್‌ಮ್ಯಾನ್ ವೆಂಕಟೇಶಪ್ಪನಿಗೆ ಎಲೆಅಡಿಕೆ ಕೊಟ್ಟ. ಚೀನಾದವರ ಭಯ ಇನ್ನೂ ಆರದ ಆ ಕಾಲದಲ್ಲಿ, ಕಿವಿ ಮುಚ್ಚುವ ಕುಲಾವಿ ಹಾಕಿಕೊಂಡು, ಮಿಲಿಟರಿ ಕಾಗದ ಕೇಳಿಕೊಂಡು ಬಂದ ಮನುಷ್ಯನನ್ನು ವೆಂಕಟೇಶಪ್ಪ ಅಡಿಯಿಂದ ಮುಡಿಯವರೆಗೆ ನೋಡಿದ. ನೋಡಿ, ಎಲೆಅಡಿಕೆ ಜಗಿಯುತ್ತಲೇ ಪೊಲೀಸ್ ಠಾಣೆಗೆ ಹೋದ.

ಕಾನ್ಸ್‌ಟೇಬಲ್ ಒಬ್ಬ ನಮ್ಮ ಲೈನಿಗೆ ಬಂದು, ಕೋದಂಡಪ್ಪ ಎಂಬಾತ ಚೀನಾ ಭಾಷೆ ಮಾತಾಡುವುದನ್ನು ಯಾರಾದರೂ ಕೇಳಿದ್ದೀರಾ ಎಂದು ವಿಚಾರಿಸಿದ. ನಿದ್ದೆಯಲ್ಲಿ ಏನೇನೋ ಕೂಗಿಕೊಳ್ಳುತ್ತಾನೆ, ಯಾವ ಭಾಷೆಯೋ ಗೊತ್ತಿಲ್ಲ ಎಂದೆ ನಾನು. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ಎರಡನೇ ಉತ್ತರ ಬಂತು. ಜಯರಾಮಪ್ಪನವರು ಅದನ್ನು ಪೆರುಮಾಳನ ಅಂಗಡಿಯಲ್ಲೇ, ರೇಡಿಯೋ ನಿಲ್ಲಿಸಿ, ನಿಂತುಕೊಂಡು ಓದಿದರು. ಆ ತಿಂಗಳು ಕ್ಯಾಸಂಬಳ್ಳಿ ಕಡೆಯಿಂದ ಸೇರಿದವನು ಒಬ್ಬನೇ, ಹೆಸರು ಕೋದಂಡಪ್ಪ. ಈತನ ವಿಷಯದಲ್ಲಿ ಕಡತ ಇನ್ನೂ ಮುಗಿದಿಲ್ಲ. ವಿವರಗಳನ್ನು ಮನೆಯವರಿಗೆ ಮಾತ್ರ ತಿಳಿಸಲಾಗುವುದು. ಬರುವ ಗುರುವಾರ ಅಧಿಕಾರಿಯೊಬ್ಬರು ಖುದ್ದಾಗಿ ಬರುತ್ತಾರೆ.

ಅಂಗಡಿಯಲ್ಲಿದ್ದ ಇಪ್ಪತ್ತು ಜನವೂ ತಿರುಗಿ ನೋಡಿದರು. ಕೋದಂಡಪ್ಪನ ಜಾಗದಲ್ಲಿ ಕುಲಾವಿ ಮಾತ್ರ ಇತ್ತು.

ಕದಿರಮ್ಮ ಎದೆ ಎದೆ ಬಡಿದುಕೊಂಡಳು. ಗಣಿಯ ಗುಂಡಿಗೆ ಬಿದ್ದನೋ, ರೈಲಿಗೆ ತಲೆ ಕೊಟ್ಟನೋ ಎಂದು ಎರಡು ದಿನ ನಾವೆಲ್ಲ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬಗಳ ಸಂದಿಯಲ್ಲೆಲ್ಲ ಹುಡುಕಿದೆವು. ಬುಧವಾರ ಸಂಜೆ ಬಸ್ ಕಂಡಕ್ಟರನೊಬ್ಬ ಹೇಳಿದ, ಆತ ಕ್ಯಾಸಂಬಳ್ಳಿಯಲ್ಲಿ ಇಳಿದದ್ದನ್ನು ಕಂಡೆ ಎಂದು. ಅತ್ತೆ ಪಾಪಕ್ಕನ ಮನೆಗೆ ಹೋಗಿದ್ದ. ನನಗೆ ನಗು ಬಂತು, ಆಮೇಲೆ ಆ ಕಾಗದ ನೆನಪಾಯಿತು. ಸೈನ್ಯದ ಪುಸ್ತಕದಲ್ಲಿ ಬರೆದಿದ್ದ ವಿಳಾಸ ಕ್ಯಾಸಂಬಳ್ಳಿ. ಇಡೀ ಭೂಮಂಡಲದಲ್ಲಿ ಅವರು ಹುಡುಕಿಕೊಂಡು ಬರಲಿದ್ದ ಒಂದೇ ಒಂದು ಊರಿಗೆ ಈ ಮಹಾನುಭಾವ ಓಡಿಹೋಗಿ ಬಚ್ಚಿಟ್ಟುಕೊಂಡಿದ್ದ.

ಗುರುವಾರ ಮೊದಲ ಬಸ್ಸಿಗೆ ನಾನೂ ಕದಿರಮ್ಮನೂ ಹೋದೆವು. ಪಾಪಕ್ಕ ಹಸುವಿಗೆ ಬೂಸಾ ಕಲಸುತ್ತಿದ್ದಳು. ಹುಲ್ಲಿನ ಮೆದೆಯ ಕಡೆ ಕೈ ತೋರಿಸಿದಳು. ಮೆದೆಯ ಬುಡದಲ್ಲಿ ಎರಡು ಪಾದ ಕಾಣುತ್ತಿತ್ತು.

"ಈಚೆ ಬನ್ನಿ!" ಎಂದಳು ಕದಿರಮ್ಮ.

"ಜೀಪ್ ಓಯ್ತಾ?" ಎಂದಿತು ಮೆದೆ.

"ಇನ್ನೂ ಬಂದೇ ಇಲ್ಲ!"

"ಅಂಗಾದ್ರೆ ಬರಲ್ಲ."

ಅಷ್ಟರಲ್ಲಿ ಜೀಪು ಬಂದೇ ಬಂತು. ಮುಂದೆ ಜಯರಾಮಪ್ಪನವರು ದಾರಿ ತೋರಿಸಲು ಕೂತಿದ್ದರು. ಹಿಂದೆ ಖಾಕಿ ಕೋಟಿನ ಅಧಿಕಾರಿ, ತೊಡೆಯ ಮೇಲೆ ಒಂದು ಹಳೆಯ ಕಡತ. ಊರಿನ ಅರ್ಧ ಜನ ಜೀಪಿನ ಹಿಂದೆಯೇ ಓಡಿ ಬಂದರು. ಅಧಿಕಾರಿ ಇಳಿದು, "ಸಿಪಾಯಿ ಕೋದಂಡಪ್ಪನ ಮನೆ ಯಾವುದು?" ಎಂದು ಕೇಳಿದ್ದೇ ತಡ, ಊರವರು ಬಹಳ ಉಪಕಾರಿಗಳು, "ಆವಯ್ಯ ಉಲ್ಲಿನ್ ಮೆದ್ಯಾಗವ್ನೆ ಸಾಮಿ!" ಎಂದು ಕಾಲು ಹಿಡಿದು ಎಳೆದು ಹಾಕಿದರು.

ಕೋದಂಡಪ್ಪ ಎದ್ದು ನಿಲ್ಲಲಿಲ್ಲ. ಹಾಗೇ ತೆವಳಿಕೊಂಡು ಬಂದು ಅಧಿಕಾರಿಯ ಬೂಟು ತಬ್ಬಿಕೊಂಡ. ತಲೆಯ ತುಂಬ ಹುಲ್ಲು, ಮುಖದಲ್ಲಿ ರಕ್ತವೇ ಇಲ್ಲ. ಹಲ್ಲು ಕಟಕಟ ಅನ್ನುವುದು ನಮಗೆಲ್ಲ ಕೇಳುತ್ತಿತ್ತು.

"ನಾ ಓಡೋಗಿಲ್ಲ ಸಾಮಿ! ನಮ್ಮವ್ವನಾಣೆ ನಾ ಓಗೇ ಇಲ್ಲ, ಇನ್ನೆಲ್ಲಿಂದ ಓಡೋಗ್ಲಿ! ಬೇದಿ ಆಗಿತ್ತು ಸಾಮಿ, ಬೇದಿ! ಇಮಾಲಯಕ್ಕೆ ಕಳಿಸ್ಬ್ಯಾಡಿ, ನಂಗೆ ಚಳಿ ತಡಿಯಲ್ಲ!"

"ಯಾರಯ್ಯ ನೀನು?"

"ಕೋದಂಡಪ್ಪ ಸಾಮಿ!"

ಅಧಿಕಾರಿ ಬೂಟು ಬಿಡಿಸಿಕೊಂಡು, ಕಡತ ತೆರೆದು, ಕನ್ನಡಕ ಹಾಕಿಕೊಂಡು ನೋಡಿದರು. ಕೆಳಗೆ ನೋಡಿದರು. ಮತ್ತೆ ಕಡತ ನೋಡಿದರು.

"ನೀನು ಬೇರೆ ಯಾರೋ ಇರಬೇಕು ಕಣಯ್ಯ. ಸಿಪಾಯಿ ಕೋದಂಡಪ್ಪ ಓಡಿಹೋಗಿಲ್ಲ. ನಲವತ್ತನಾಲ್ಕನೇ ಇಸವಿ ಏಪ್ರಿಲ್ಲಿನಲ್ಲಿ ಬರ್ಮಾ ಗಡಿಯಲ್ಲಿ ಗುಂಡು ತಗುಲಿ ಸತ್ತುಹೋಗಿದ್ದಾನೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಕೋದಂಡಪ್ಪನಿಗೇ. ಧಡಕ್ಕನೆ ಎದ್ದ. "ಸತ್ತೋಗಿವ್ನಿ! ಕದಿರಾ, ಕೇಳಿಸ್ತಾ? ನಾ ಓಡೋಗಿಲ್ಲ ಕಣೇ, ಸತ್ತೋಗಿವ್ನಿ!" ಎಂದು ಕದಿರಮ್ಮನ ಭುಜ ಹಿಡಿದು ಅಲ್ಲಾಡಿಸಿದ. ಜನ ಬಿದ್ದು ಬಿದ್ದು ನಕ್ಕರು. ಸತ್ತವನು ಹೀಗೆ ಕುಣಿದದ್ದನ್ನು ಆ ಊರು ಎಂದೂ ಕಂಡಿರಲಿಲ್ಲ. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕುಣಿಯುತ್ತಿದ್ದ ಕೋದಂಡಪ್ಪನ ಕಣ್ಣು ಬಾಗಿಲ ಕಡೆ ತಿರುಗಿತು. ಪಾಪಕ್ಕ ನಿಂತಿದ್ದಳು. ಕೈಯೆಲ್ಲ ಬೂಸಾ.

ಅವನು ನಿಂತುಬಿಟ್ಟ. ಹಲ್ಲಿಗೆ, ಎಮ್ಮೆಗೆ, ಹಿಮಾಲಯಕ್ಕೆ ಅವನು ಹೆದರಿದ್ದನ್ನೆಲ್ಲ ಕಂಡಿದ್ದೇನೆ. ಆ ಹೊತ್ತು ಅವನ ಮುಖ ಇದ್ದ ಹಾಗೆ ಎಂದೂ ಕಂಡಿರಲಿಲ್ಲ.

ಅಧಿಕಾರಿಗೆ ಇದೊಂದೂ ತಿಳಿಯಲಿಲ್ಲ. "ಸಾವಿನ ವಿಷಯ ಆಗಲೇ ಕಾಗದದಲ್ಲಿ ತಿಳಿಸಿದ್ದೇವೆ. ತಲುಪಿದ್ದಕ್ಕೆ ಹೆಬ್ಬೆಟ್ಟೂ ಇದೆ. ಮನೆಯವರಿಂದ ಉತ್ತರವೇ ಇಲ್ಲ. ಅವನ ಪದಕಗಳು ಹತ್ತೊಂಬತ್ತು ವರ್ಷದಿಂದ ಹಾಗೇ ಬಿದ್ದಿವೆ. ಹೆಂಡತಿ ಪಾಪಕ್ಕ ಅಂತ ಬರೆಸಿದ್ದಾನೆ. ಯಾರು ಪಾಪಕ್ಕ?"

ಕದಿರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಗೂ ಗೊತ್ತಾಗಿ ಹೋಗಿತ್ತು. ಜಯರಾಮಪ್ಪನವರು ಕೋದಂಡಪ್ಪನನ್ನೂ ಪಾಪಕ್ಕನನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದರು. ಸುಳ್ಳು ಹೆಸರಿನಲ್ಲಿ ಸೈನ್ಯ ಸೇರಿದ್ದಕ್ಕೆ ಏನು ಶಿಕ್ಷೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಇರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತ ನಿಂತರು.

"ನಾನೇ ಸಾಮಿ," ಎಂದಳು ಪಾಪಕ್ಕ, ಮೆಟ್ಟಿಲಿಳಿದು ಬಂದು. "ಕಾಗ್ದ ಬಂದಿತ್ತು. ಓದಿಸ್ಲಿಲ್ಲ."

"ಯಾಕಮ್ಮಾ?"

ಆಕೆ ಕೈಗೆ ಮೆತ್ತಿದ ಬೂಸಾ ತಿಕ್ಕತೊಡಗಿದಳು. ಅಧಿಕಾರಿ ಲೇಖನಿ ತೆಗೆದರು. ಕಾನೂನಿನ ಪ್ರಕಾರ ಕೇಳಲೇಬೇಕಾದ್ದನ್ನು ಕೇಳಿದರು. "ಗಂಡನ ಹೆಸರು?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಓಟಿನ ಪಟ್ಟಿಯವರು ಬರಲಿ, ಆಸ್ಪತ್ರೆಯವರು ಕೇಳಲಿ, ತಲೆ ಬಗ್ಗಿಸಿ ಪಕ್ಕದವರ ಕಡೆ ತಿರುಗುತ್ತಾರೆ. ಪಕ್ಕದಲ್ಲಿದ್ದ ಗಂಡಸು ಯಾರೋ ಹೇಳುತ್ತಾನೆ. ಪಾಪಕ್ಕನೂ ತಲೆ ಬಗ್ಗಿಸಿ ಕೋದಂಡಪ್ಪನ ಕಡೆ ತಿರುಗಿದಳು.

"ನೀನೇ ಯೇಳಪ್ಪ," ಎಂದಳು.

ಊರವರು ಕಾಯುತ್ತಿದ್ದರು. ಆಂಜಿನಪ್ಪ ಎಂದರೆ ಆ ಕಡತ ಸುಳ್ಳಾಗುತ್ತದೆ. ಸತ್ತವನು ಯಾರೂ ಅಲ್ಲದವನಾಗಿ ಹೋಗುತ್ತಾನೆ. ಪದಕ ಜೀಪಿನಲ್ಲಿ ವಾಪಸು ಹೋಗುತ್ತದೆ. ಕೋದಂಡಪ್ಪ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೇ ಸಲ ಧ್ವನಿ ಬಂತು.

"ಕೋದಂಡಪ್ಪ," ಎಂದ.

ಅಧಿಕಾರಿ ಬರೆದುಕೊಂಡರು. ಪಾಪಕ್ಕನ ಬೂಸಾದ ಕೈ ತೊಳೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಎರಡು ಪದಕ, ಒಂದು ಕಾಗದ ಕೊಟ್ಟು, ಟೋಪಿ ತೆಗೆದು ನಮಸ್ಕಾರ ಮಾಡಿ ಹೊರಟರು. ಜಯರಾಮಪ್ಪನವರು ಜೀಪು ಹತ್ತುವ ಮೊದಲು ಆ ಹಸುವಿನ ಕೊಟ್ಟಿಗೆಯ ಮುಂದೆ ನೆಟ್ಟಗೆ ನಿಂತು ಪಾಪಕ್ಕನಿಗೆ ಸೆಲ್ಯೂಟ್ ಹೊಡೆದರು. ಜನ ಒಬ್ಬೊಬ್ಬರಾಗಿ ಕರಗಿದರು.

ಕೋದಂಡಪ್ಪ ಅತ್ತೆಯ ಕಾಲ ಬಳಿ ಕುಸಿದು ಕೂತ. "ಅತ್ತೇ, ನನ್ ಚೀಟಿ ಅತ್ತೇ... ನನ್ ಬದ್ಲಿಗೆ ಮಾವ... ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ?" ಪಾಪಕ್ಕ ಪದಕಗಳನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಳು. "ಅವ್ರಿಗೇನು ಮನಸ್ಸಿರ್ಲಿಲ್ಲ ಕಣಪ್ಪ. ಪಾಪ, ಉಡ್ಗ ಎದ್ರಿಕೊಂಡವ್ನೆ, ನೀವೇ ಓಗ್ಬನ್ನಿ, ನೀವ್ ಗಟ್ಟಿಯಾಗಿದ್ದೀರಾ ಅಂದೋಳು ನಾನು. ಬುತ್ತಿ ಕಟ್ಟಿ, ಚೀಟಿ ನಾನೇ ಜೇಬಿಗಿಟ್ಟೆ." ಸೆರಗಿನ ತುದಿಯನ್ನು ಗಡಿಗೆಯ ನೀರಿನಲ್ಲಿ ಅದ್ದಿ ಹಣೆ ಒರೆಸಿಕೊಂಡಳು. ಒಂದೇ ಸಲಕ್ಕೆ ಹೋಗಲಿಲ್ಲ, ಮತ್ತೆ ಅದ್ದಿ ಒರೆಸಿದಳು. "ಆ ಕಾಗ್ದಾನ ಯಾರ್ ಕೈಲಿ ಓದಿಸ್ಲಿ, ಯೇಳು. ನಂಗೂ ಭಯಾನೇ."

ಕೋದಂಡಪ್ಪ ಅಲ್ಲಿಂದ ಏಳಲಿಲ್ಲ, ಕದಿರಮ್ಮನೂ ಅವನ ಪಕ್ಕ ಕೂತಳು. ಸಂಜೆಯ ಬಸ್ಸಿಗೆ ನಾನೊಬ್ಬನೇ ಬಂದೆ.